ಲಿಪಿವಿನ್ಯಾಸ ಮತ್ತು ಬಡಗ ಭಾಷೆಯ ಸ್ವರಗಳು

ಭಾಷೆಯೊಂದಕ್ಕೆ ಲಿಪಿಯನ್ನು ರೂಪಿಸುವಾಗ ಅಕ್ಷರದ ಆಕಾರಕ್ಕಿಂತ ಮೊದಲು ಇತ್ಯರ್ಥವಾಗಬೇಕಾದುದು, ಯಾವ ಧ್ವನಿಭೇದಗಳನ್ನು ಬರಹದಲ್ಲಿ ಉಳಿಸಬೇಕೆಂಬ ಪ್ರಶ್ನೆ. ಕಲ್ಪಿತ ಭಾಷೆಗಳಲ್ಲಿ ಇದು ಸುಲಭ. ಜೆ.ಆರ್.ಆರ್. ಟೋಲ್ಕಿನ್ ತಮ್ಮ ಕಲ್ಪಿತ ಭಾಷೆಗಳಿಗಾಗಿ ರಚಿಸಿ 1955ರಲ್ಲಿ ವಿವರಿಸಿದ ತೆಂಗ್ವಾರ್ ಲಿಪಿಯಲ್ಲಿ ಅಕ್ಷರದ ಬಾಗನ್ನು ಇಮ್ಮಡಿಸಿದರೆ ಅಘೋಷ ವ್ಯಂಜನ ಘೋಷವಾಗುತ್ತದೆ. ಕನ್ನಡ ವರ್ಣಮಾಲೆಯೂ ಕ-ಗ, ತ-ದಗಳನ್ನು ವರ್ಗಕ್ರಮದಲ್ಲಿ ಜೋಡಿಸುತ್ತದೆ. ಆದರೆ ಆ ಸಂಬಂಧ ಅಕ್ಷರರೂಪದಲ್ಲಿ ಕಾಣದು. ಧ್ವನಿಯೂ ಲಿಪಿಯೂ ಒಬ್ಬರದೇ ಸೃಷ್ಟಿಯಾದುದರಿಂದ ಟೋಲ್ಕಿನ್ನರಿಗೆ ಈ ಪರಿಪೂರ್ಣತೆ ಸಾಧ್ಯವಾಯಿತು. ಜನರು ಆಡುವ ಭಾಷೆಯಲ್ಲಿ ಅಂಥ ಸ್ವಾತಂತ್ರ್ಯವಿಲ್ಲ. ನೀಲಗಿರಿಯ ಬಡಗ ಇದಕ್ಕೆ ನಿದರ್ಶನ.

'ಬಡಗ' ಎಂದರೆ ಉತ್ತರದವರು. ನೀಲಗಿರಿಗೆ ಉತ್ತರದ ಮೈಸೂರು ಬಯಲಿನಿಂದ, ಎಂದರೆ ನಂಜನಗೂಡು, ತಿರುಮಕೂಡಲು ನರಸೀಪುರಗಳಿರುವ ಸೀಮೆಯಿಂದ, ಪೂರ್ವಜರು ಬೆಟ್ಟವೇರಿದರೆಂಬುದು ಸಮುದಾಯದ ಐತಿಹ್ಯ. 1890ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯವು ಬಡಗದ ಕ್ರೈಸ್ತ ಗ್ರಂಥವೊಂದನ್ನು ಕನ್ನಡ ಲಿಪಿಯಲ್ಲಿ ಮುದ್ರಿಸಿತು. ಆ ಲಿಪಿಯ ಕೊರತೆ ಸ್ಪಷ್ಟವಾದುದು 1939ರಲ್ಲಿ. ಬಡಗದ ಐದು ಸ್ವರಗಳಿಗೂ ಸಾಮಾನ್ಯ, ಅರ್ಧ ಮೂರ್ಧನ್ಯ, ಪೂರ್ಣ ಮೂರ್ಧನ್ಯವೆಂಬ ಮೂರು ಬಗೆಗಳಿವೆಯೆಂದು ಎಂ.ಬಿ. ಎಮೆನೋ ತೋರಿಸಿದರು.

ಬಾಯಿ, ಬಳೆ, ಬೆಳೆ ಎಂಬ ಮೂರು ಪದಗಳನ್ನು ಗಮನಿಸಬಹುದು. ನಂಜನಗೂಡಿನ ಕನ್ನಡದಲ್ಲಿ ಇವು ಎಂದೂ ಬೆರೆಯವು. ಬಡಗದಲ್ಲಿ ಳಕಾರ ಲೋಪಗೊಂಡು, ಅದರ ನಾಲಗೆಯ ಮಡಿಕೆ ಸ್ವರದೊಳಗೆ ಸೇರಿದೆ. ಸಾಮಾನ್ಯ ಎಕಾರವಿದ್ದರೆ ಬಾಯಿ, ಅರ್ಧ ಮೂರ್ಧನ್ಯವಾದರೆ ಬಳೆ, ಪೂರ್ಣ ಮೂರ್ಧನ್ಯವಾದರೆ ಬೆಳೆ. ಕನ್ನಡ ಲಿಪಿಯಲ್ಲಿ ಬರೆದರೆ ಮೂರೂ 'ಬೆ' ಮಾತ್ರ.

ಬಡಗಕ್ಕೆ ಪ್ರತ್ಯೇಕ ಲಿಪಿ ರೂಪಿಸುವ ಪ್ರಯತ್ನಗಳೂ ನಡೆದಿವೆ. ಪ್ರತ್ಯೇಕ ಲಿಪಿಯಿಂದ ಸಮುದಾಯದ ಅಸ್ಮಿತೆಗೆ ಬಲ ಬರುವುದು ನಿಜ. ಆದರೆ ಈ ಸ್ವರಗಳಿಗೆ ಸಂಕೇತವಿಲ್ಲದ ಹೊಸ ಲಿಪಿ, ಕನ್ನಡ ಲಿಪಿಯ ಕೊರತೆಯನ್ನೇ ಬೇರೆ ಆಕಾರದಲ್ಲಿ ಮುಂದುವರಿಸುತ್ತದೆ. ಜ಼, ಫ಼ಗಳಲ್ಲಿ ಚುಕ್ಕಿಯನ್ನು ಒಪ್ಪಿಕೊಂಡಿರುವ ಕನ್ನಡ ಲಿಪಿಗೆ ಸ್ವರಗಳಿಗಾಗಿ ಇನ್ನೆರಡು ಗುರುತುಗಳು ಹೊರೆಯಲ್ಲ.

ಅನೇಕ ಭಾಷಿಕರಲ್ಲಿ ಈ ಭೇದ ಮಸುಕಾಗಿದೆಯೆಂದು ಅನಂತರದ ಅಧ್ಯಯನಗಳು ತಿಳಿಸಿವೆ. ಹಾಗಿದ್ದಲ್ಲಿ ಕ್ಷೀಣಿಸುತ್ತಿರುವ ಧ್ವನಿಗೆ ಗುರುತೇಕೆ ಎಂಬ ಆಕ್ಷೇಪ ಸಹಜ. ಇದಕ್ಕೆ ಉತ್ತರ ಕನ್ನಡದ ಚರಿತ್ರೆಯಲ್ಲಿಯೇ ಇದೆ. ೞಕಾರ ಬಳಕೆಯಿಂದ ಜಾರುತ್ತಿದ್ದ 13ನೆಯ ಶತಮಾನದಲ್ಲಿ ಕೇಶಿರಾಜ ಆ ಅಕ್ಷರದ ಪದಗಳನ್ನು ಪಟ್ಟಿಮಾಡಿದ. ನಾಲಗೆ ಮರೆತುದನ್ನು ಬರಹ ಕಾಪಾಡಿದುದರಿಂದಲೇ ಹಳಗನ್ನಡ ಪದಗಳ ನಿಜರೂಪ ಇಂದಿಗೂ ತಿಳಿಯುತ್ತದೆ. ದಿನಬಳಕೆಯ ಬರಹದಲ್ಲಿ ಈ ಗುರುತುಗಳು ಐಚ್ಛಿಕವಾಗಿರಬಹುದು. ನಿಘಂಟು ಮತ್ತು ಮೌಖಿಕ ಸಾಹಿತ್ಯದ ಸಂಗ್ರಹಗಳಲ್ಲಿ ಅವು ಅನಿವಾರ್ಯ.