ಅಡಿಟಿಪ್ಪಣಿ ಯಾವ ಪದದ್ದು? ಕನ್ನಡ-ಫಾರ್ಸಿ ಪಾಠಗಳ ಬಗ್ಗೆ ಒಂದು ತಕರಾರು

ಈಚೆಗೆ ಒಂದು ಕನ್ನಡ-ಫಾರ್ಸಿ ಶಾಸನದ ಸಂಪಾದಿತ ಪಾಠವನ್ನು ವೆಬ್ ಪುಟದಲ್ಲಿ ಓದ್ತಾ ಇದ್ದೆ. ಸಂಪಾದಕರ ಹೆಸರು ಬೇಡ, ಕೆಲಸವಂತೂ ಶ್ರದ್ಧೆಯದ್ದೇ. ಒಂದು ಸಾಲಿನಲ್ಲಿ ಕನ್ನಡದ ವ್ಯಕ್ತಿನಾಮ, ಪಕ್ಕದಲ್ಲಿ ಮೇಲಕ್ಕೇರಿಸಿದ ಪುಟ್ಟ 4, ಆಮೇಲೆ ಫಾರ್ಸಿ ಪದ. ಕೆಳಗಿನ ಟಿಪ್ಪಣಿ: ಅಕ್ಷರ ಸವೆದಿದೆ, ಓದು ಖಚಿತವಲ್ಲ. ಕನ್ನಡದ ಹೆಸರೇ ಅನುಮಾನ ಅಂತ ಬರೆದಿಟ್ಟುಕೊಂಡೆ. ಆಮೇಲೆ ಪಡಿಯಚ್ಚಿನ ಫೋಟೋ ಸಿಕ್ಕಿತು. ಕನ್ನಡದ ಹೆಸರು ಸ್ಪಷ್ಟವಾಗಿಯೇ ಇದೆ. ಸವೆದದ್ದು ಫಾರ್ಸಿ ಪದದ ಕೊನೆ.

ತಪ್ಪು ಸಂಪಾದಕರ ಓದಿನದಲ್ಲ, ಅಂಕಿ ಕೂತ ಜಾಗದ್ದು. ಅವರು ಟೈಪ್ ಮಾಡಿದ ಕ್ರಮ ಸರಿಯಾಗೇ ಇದೆ: ಕನ್ನಡ, ಫಾರ್ಸಿ, ನಂತರ 4. ಆದರೆ ಯುನಿಕೋಡ್‌ನ ದ್ವಿಮುಖ ನಿಯಮದಲ್ಲಿ ಅಂಕಿಗೆ ಸ್ವಂತ ಬಲ ಕಡಿಮೆ. ಫಾರ್ಸಿ ಅಕ್ಷರದ ಬೆನ್ನಿಗೇ ಬಂದ ಅಂಕಿ ಬಲದಿಂದ ಎಡಕ್ಕೆ ಓಡುವ ಆ ತುಂಡಿಗೇ ಸೇರಿಕೊಂಡು ಅದರ ಎಡತುದಿಗೆ ಹೋಗುತ್ತದೆ, ಅಂದರೆ ಹಿಂದಿನ ಕನ್ನಡ ಪದದ ಮಗ್ಗುಲಿಗೆ. ನಡುವೆ ಉದ್ಧರಣ ಚಿಹ್ನೆ ಇದ್ದರೆ ಅದೂ ಜೊತೆಗೆ ಹೊರಡುತ್ತದೆ.

ಇದನ್ನು ಬರೀ ಅಲಂಕಾರದ ಸಮಸ್ಯೆ ಅನ್ನುವವರಿಗೆ ವಿಜಯಪುರದ ಗೋಳಗುಮ್ಮಟದ ಉದಾಹರಣೆ ಕೊಡ್ತೀನಿ. ಅಲ್ಲಿನ ದಕ್ಷಿಣ ಬಾಗಿಲ ಮೇಲಿನ ಶಾಸನದಲ್ಲಿ ಮುಹಮ್ಮದ್ ಆದಿಲ್ ಶಾಹನ ಮರಣವರ್ಷವನ್ನು ಅಕ್ಷರಗಳ ಬೆಲೆಯಲ್ಲಿ ಅಡಗಿಸಿಟ್ಟಿದ್ದಾರೆ. ಒಂದು ವಾಕ್ಯ: ಆಕಿಬತ್ ಮುಹಮ್ಮದ್ ಮಹಮೂದ್ ಶುದ್. ಮುಹಮ್ಮದನ ಅಂತ್ಯ ಶ್ಲಾಘ್ಯವಾಯಿತು ಎಂಬರ್ಥ. ಬೆಲೆ ಕ್ರಮವಾಗಿ 573, 92, 98, 304. ಕೂಡಿದರೆ ಹಿಜರಿ 1067. ಸುಲ್ತಾನ ತೀರಿಕೊಂಡದ್ದು ಕ್ರಿ.ಶ. 1656ರಲ್ಲಿ.

ಇದನ್ನು ಫಾರ್ಸಿ ಲಿಪಿಯಲ್ಲೇ ಒಂದು ಕನ್ನಡ ವಾಕ್ಯದೊಳಗೆ ಕೊಟ್ಟು, ಪ್ರತಿ ಪದದ ಬೆಲೆಗೆ ಒಂದೊಂದು ಟಿಪ್ಪಣಿ, ಇಡೀ ವಾಕ್ಯದ ಮೊತ್ತಕ್ಕೆ ಐದನೆಯದು ಹಾಕಿದೆವು ಅನ್ನಿ. ಕಣ್ಣಿಗೆ ಎಡದಿಂದ 4, 3, 2, 1 ಕಾಣುತ್ತದೆ. ಕೆಲವರು ಇದನ್ನೇ ತಪ್ಪು ಅನ್ನುತ್ತಾರೆ. ಅಲ್ಲ, ಫಾರ್ಸಿ ಓದುವ ದಿಕ್ಕಿಗೆ ಅದೇ ಸರಿ. ಐದನೆಯದು ಮಾತ್ರ ಕನ್ನಡ ವಾಕ್ಯಕ್ಕೆ ಸೇರಿದ್ದು, ಉದ್ಧರಣೆಯ ಬಲಕ್ಕೆ ಬರಬೇಕು. ಹಾಗೇ ಬಿಟ್ಟರೆ ಅದು ಎಡಕ್ಕೆ ಜಾರಿ 'ಶುದ್' ಪಕ್ಕ ಕೂರುತ್ತದೆ. ಆಗ 304 ಬೆಲೆಯ ಒಂದೇ ಪದಕ್ಕೆ 1067ರ ಟಿಪ್ಪಣಿ!

ಟಿಪ್ಪಣಿಯೊಳಗೂ ಇದೇ ಕಾಟ. ಫಾರ್ಸಿ ಪದದ ನಂತರ ನೇರವಾಗಿ 3-5 ಎಂದು ಸಾಲುಸಂಖ್ಯೆ ಬರೆದರೆ ತೆರೆಯ ಮೇಲೆ 5-3 ಆಗುತ್ತದೆ. ನಡುವೆ 'ಸಾಲು' ಎಂಬ ಕನ್ನಡ ಪದವಿದ್ದರೆ ಆಗುವುದಿಲ್ಲ.

ರಗಳೆಯೇ ಬೇಡ ಅಂತ ಫಾರ್ಸಿಯನ್ನು ಚಿತ್ರವಾಗಿ ಅಂಟಿಸುವ ರೂಢಿ ನಮ್ಮಲ್ಲಿದೆ. ನನಗೆ ಒಪ್ಪಿಗೆಯಿಲ್ಲ. ಚಿತ್ರದೊಳಗೆ ಹುಡುಕಲಾಗದು, ಪದಕ್ಕೆ ಟಿಪ್ಪಣಿ ಕಟ್ಟಲಾಗದು. ಶಾಸನದ ಅರ್ಧಭಾಗವನ್ನು ಮೂಕ ಮಾಡಿದಂತೆ. ಕನ್ನಡ ಭಾಗಕ್ಕೆ ಹೀಗೆ ಮಾಡಿದರೆ ನಾವು ಸುಮ್ಮನಿರ್ತಿದ್ವಾ?

ಪರಿಹಾರ ಕಷ್ಟದ್ದೇನಲ್ಲ. 2013ರ ಯುನಿಕೋಡ್ 6.3ರಲ್ಲೇ ದಿಕ್ಕನ್ನು ಬೇರ್ಪಡಿಸುವ ಅದೃಶ್ಯ ಚಿಹ್ನೆಗಳು ಬಂದಿವೆ. ವೆಬ್ ಪುಟದಲ್ಲಿ ಫಾರ್ಸಿ ತುಂಡಿಗೆ ಪ್ರತ್ಯೇಕ ಬಿಡಿಐ ಟ್ಯಾಗ್ ಸುತ್ತಿದರೆ ಸಾಕು. ಒಂದು ಪದದ ಟಿಪ್ಪಣಿಯ ಅಂಕಿ ಸುತ್ತಿನ ಒಳಗೆ, ಇಡೀ ಉದ್ಧರಣೆಯದು ಹೊರಗೆ. ಲೇಟೆಕ್ ಬಳಸುವವರಿಗೆ ಬಿಡಿ ಎಂಬ ಪ್ಯಾಕೇಜ್ ಇದೆ. ಅದರ ಸಾಮಾನ್ಯ ಫುಟ್‌ನೋಟ್ ಆದೇಶ ಸುತ್ತಲಿನ ದಿಕ್ಕನ್ನೇ ಹಿಡಿಯುವುದರಿಂದ, ಫಾರ್ಸಿ ಪ್ಯಾರಾಕ್ಕೆ ಕನ್ನಡ ಟಿಪ್ಪಣಿ ಕೊಡುವಾಗ ಎಲ್‌ಟಿಆರ್‌ಫುಟ್‌ನೋಟ್ ಅಂತಲೇ ಹೇಳಬೇಕು.

ಒಳಗೋ ಹೊರಗೋ ಅನ್ನುವುದನ್ನು ಮಾತ್ರ ಯಾವ ಸಾಫ್ಟ್‌ವೇರೂ ತೀರ್ಮಾನಿಸಲಾರದು. ಸಂದೇಹ ಯಾವ ಪದದ್ದು ಅಂತ ಗೊತ್ತಿರುವುದು ಕಲ್ಲನ್ನು ಓದಿದವರಿಗೆ. ಹಾಗಾಗಿ ಪ್ರಕಟಿಸುವ ಮೊದಲು ಪ್ರತಿ ಅಂಕಿಯ ಮೇಲೆ ಬೆರಳಿಟ್ಟು 'ಇದು ಯಾವುದರದ್ದು?' ಅಂತ ಒಮ್ಮೆ ಕೇಳಿಕೊಳ್ಳಿ. ಇದಕ್ಕೆ ಫಾರ್ಸಿ ಬರಬೇಕಾಗಿಲ್ಲ. ನನ್ನ ಪುಸ್ತಕದಲ್ಲಿ ಆ ಕನ್ನಡ ಹೆಸರಿನ ಮುಂದೆ ಹಾಕಿದ್ದ ಪ್ರಶ್ನಾರ್ಥಕ ಚಿಹ್ನೆಯನ್ನು ಹೊಡೆದುಹಾಕಿದ್ದೇನೆ.