ಸೋಲಿಗೆ ಕೇಕೆ ಹಾಕಿದ ಊರು

2015ರ ಮಾರ್ಚ್ 26ರ ರಾತ್ರಿ ಅಮೆರಿಕದ ಬಫಲೋ ನಗರದಲ್ಲಿ ಒಂದು ಐಸ್ ಹಾಕಿ ಪಂದ್ಯ ನಡೆಯಿತು. ಊರಿನ ತಂಡ ಬಫಲೋ ಸೇಬರ್ಸ್, ಎದುರಾಳಿ ಅರಿಜೋನಾ ಕಯೋಟೀಸ್. ನ್ಯಾಷನಲ್ ಹಾಕಿ ಲೀಗಿನ ಪಟ್ಟಿಯಲ್ಲಿ ಎರಡೂ ತಳ ಹಿಡಿದಿದ್ದ ತಂಡಗಳು. ಆಟ ಮೂರು-ಮೂರಕ್ಕೆ ಸಮವಾಗಿ ಹೆಚ್ಚುವರಿ ಅವಧಿಗೆ ಹೋಯಿತು. ಅಲ್ಲಿ ಕಯೋಟೀಸ್‌ನ ಸ್ಯಾಮ್ ಗಾನ್ಯೆ ಗೋಲು ಹೊಡೆದ. ಕ್ರೀಡಾಂಗಣದಲ್ಲಿ ಜನ ಎದ್ದು ನಿಂತು ಕೇಕೆ ಹಾಕಿದರು. ಅವರು ಅರಿಜೋನಾದಿಂದ ಬಂದವರಲ್ಲ. ಸೇಬರ್ಸ್ ಅಂಗಿ ತೊಟ್ಟು, ದುಡ್ಡು ಕೊಟ್ಟು ಟಿಕೆಟ್ ತೆಗೆದುಕೊಂಡು ಬಂದಿದ್ದ ಬಫಲೋದವರೇ.

ಕಾರಣ ಗುಟ್ಟಿನದಲ್ಲ. ಪ್ರತಿ ಬೇಸಿಗೆಯಲ್ಲಿ ಈ ಲೀಗಿನ ತಂಡಗಳು ಹದಿನೆಂಟರ ಆಸುಪಾಸಿನ ಹೊಸ ಆಟಗಾರರನ್ನು ಸರದಿಯ ಮೇಲೆ ಆರಿಸಿಕೊಳ್ಳುತ್ತವೆ. ಅದಕ್ಕೆ ಡ್ರಾಫ್ಟ್ ಎನ್ನುತ್ತಾರೆ. ಬಡವನಿಗೆ ಮೊದಲ ಪಂಕ್ತಿ ಎನ್ನುವ ನ್ಯಾಯ ಅಲ್ಲಿಯದು: ಹೆಚ್ಚು ಸೋತವರಿಗೆ ಮುಂಚಿನ ಸರದಿ. ಆ ವರ್ಷ ಎಲ್ಲರ ಬಾಯಲ್ಲಿದ್ದದ್ದು ಎರಡು ಹೆಸರು, ಕಾನರ್ ಮೆಕ್‌ಡೇವಿಡ್ ಮತ್ತು ಜ್ಯಾಕ್ ಐಕಲ್. ಕೊನೆಯ ಸ್ಥಾನ ಸಿಕ್ಕರೆ ಇಬ್ಬರಲ್ಲಿ ಒಬ್ಬ ಖಾತ್ರಿ. ಹಾಗಾಗಿ ಆ ರಾತ್ರಿ ಗೆಲುವು ನಷ್ಟ, ಸೋಲು ಲಾಭ. ಪಂದ್ಯದ ನಂತರ ಸೇಬರ್ಸ್ ಆಟಗಾರರು ತಮ್ಮ ಬೇಸರವನ್ನು ಮುಚ್ಚಿಡಲಿಲ್ಲ.

ಸಾಹಿತ್ಯದ ಪತ್ರಿಕೆಯಲ್ಲಿ ಈ ಮಾತೇಕೆ ಎಂದು ನೀವು ಕೇಳಬಹುದು. ನಾನು ಐಸ್ ಹಾಕಿಯನ್ನು ನೋಡಿದ್ದಕ್ಕಿಂತ ಓದಿದ್ದೇ ಹೆಚ್ಚು. ಈ ಡ್ರಾಫ್ಟ್ ಸುತ್ತ ಪ್ರತಿ ವರ್ಷ ಬೆಳೆಯುವ ಗದ್ಯದ ರಾಶಿ ನನ್ನ ಕುತೂಹಲ. ಒಂದೇ ಬೇಸಿಗೆಯಲ್ಲಿ ಏಳು ಸುತ್ತು, 32 ತಂಡ, 224 ಹುಡುಗರು. ಅವರಲ್ಲಿ ಬಹುಪಾಲು ಜನರ ಬಗ್ಗೆ ಯಾರಾದರೂ ಒಂದು ಪುಟವಾದರೂ ಬರೆದಿರುತ್ತಾರೆ. ಇನ್ನೂ ಏನೂ ಆಗಿರದ ಮನುಷ್ಯರ ಬಗ್ಗೆ ಇಷ್ಟು ಬರೆಯುವ ಇನ್ನೊಂದು ಪ್ರಕಾರ, ಜಾತಕ ಬಿಟ್ಟರೆ, ನನ್ನ ನೆನಪಿಗೆ ಬರುತ್ತಿಲ್ಲ.

ಈ ಬರಹಕ್ಕೆ ಅದರದೇ ವ್ಯಾಕರಣವಿದೆ. ಕ್ರಿಯಾಪದಗಳೆಲ್ಲ ಭವಿಷ್ಯತ್ ಕಾಲದವು. ಹುಡುಗನನ್ನು ಇಡಿಯಾಗಿ ಎಂದೂ ಹೇಳುವುದಿಲ್ಲ, ಬಿಡಿಬಿಡಿಯಾಗಿ ಹೇಳುತ್ತಾರೆ: ಕೈ ಮೃದು, ಕಾಲು ತುಸು ನಿಧಾನ, ತಲೆ ಚುರುಕು, ಭುಜ ಇನ್ನೂ ತುಂಬಬೇಕು. ಘಾಟಿ ಸುಬ್ರಹ್ಮಣ್ಯದ ದನದ ಜಾತ್ರೆಯಲ್ಲಿ ಹಲ್ಲು ಹಿಡಿದು, ಗೊರಸು ಎತ್ತಿ, ಸುಳಿ ನೋಡಿ ಎತ್ತು ಕೊಳ್ಳುವವರ ಮಾತು ಇದಕ್ಕಿಂತ ಬೇರೆಯಲ್ಲ, ಆದರೆ ಅಲ್ಲಿ ಯಾರೂ ಎತ್ತಿನ ಮನೋಬಲದ ಬಗ್ಗೆ ಪ್ಯಾರಾ ಬರೆಯುವುದಿಲ್ಲ. ಇನ್ನೊಂದು ರೂಢಿ ‘ಸೀಲಿಂಗ್’ ಮತ್ತು ‘ಫ್ಲೋರ್’. ಹುಡುಗ ಎಷ್ಟು ಎತ್ತರಕ್ಕೆ ಹೋಗಬಹುದು, ಕೆಟ್ಟರೆ ಎಲ್ಲಿಗೆ ಇಳಿಯಬಹುದು ಎಂಬ ಎರಡು ಅಳತೆ. ಸೂರನ್ನೂ ನೆಲವನ್ನೂ ಅಳೆಯುತ್ತಾರೆ, ನಡುವೆ ಅವನು ಬದುಕುವ ಮನೆಯ ಮಾತೇ ಇಲ್ಲ. ‘ಪ್ರಾಸ್ಪೆಕ್ಟ್’ ಎಂಬ ಪದವನ್ನೇ ನೋಡಿ. ಕನ್ನಡದಲ್ಲಿ ನಾವು ‘ಭರವಸೆಯ ಆಟಗಾರ’ ಎನ್ನುತ್ತೇವೆ. ಭರವಸೆ ಎಂದಾಗ ಇಡುವವರು, ಉಳಿಸಿಕೊಳ್ಳುವವರು ಇಬ್ಬರೂ ಇರುತ್ತಾರೆ. ಇಂಗ್ಲಿಷಿನ ಪದ ಚಿನ್ನ ಹುಡುಕಲು ನೆಲ ಅಗೆಯುವವರೂ ಬಳಸುವಂಥದ್ದು. ನೆಲಕ್ಕೆ ಯಾರೂ ಮಾತು ಕೊಟ್ಟಿರುವುದಿಲ್ಲ.

ಈ ಗದ್ಯ ಎಷ್ಟು ಸಲ ಎಡವಿದೆ ಎಂಬುದಕ್ಕೆ ಉದಾಹರಣೆ ಬೇಕಾದಷ್ಟಿವೆ. 1998ರಲ್ಲಿ ಪಾವೆಲ್ ದಟ್ಸ್ಯುಕ್ ಆಯ್ಕೆಯಾದದ್ದು 171ನೆಯವನಾಗಿ, ಮರುವರ್ಷ ಹೆನ್ರಿಕ್ ಜೆಟ್ಟರ್‌ಬರ್ಗ್ 210ನೆಯವನಾಗಿ. ಇಬ್ಬರೂ ಡೆಟ್ರಾಯಿಟ್ ತಂಡದ ಬೆನ್ನೆಲುಬಾದರು. 2012ರಲ್ಲಿ ಮೊದಲನೆಯವನಾಗಿ ಆಯ್ಕೆಯಾದ ನೈಲ್ ಯಾಕುಪೋವ್ ಕೆಲವೇ ವರ್ಷಗಳಲ್ಲಿ ಲೀಗಿನಿಂದಲೇ ಮರೆಯಾದ. ಆದರೆ ತಪ್ಪುವುದು ನನ್ನ ಮುಖ್ಯ ತಕರಾರಲ್ಲ, ಭವಿಷ್ಯ ಹೇಳುವವರು ತಪ್ಪುವುದು ಸಹಜ. ಬರಲಿರುವ ಒಬ್ಬನ ಬಗ್ಗೆ ಇಷ್ಟು ಚೆಂದವಾಗಿ ಬರೆದಾಗ, ಈಗ ಆಡುತ್ತಿರುವ ಇಪ್ಪತ್ತು ಜನ ಓದುಗನ ಕಣ್ಣಿಗೆ ಬೀಳುವುದು ನಿಂತುಹೋಗುತ್ತದೆ. ಬಫಲೋದ ಕೇಕೆ ಹುಟ್ಟಿದ್ದು ಅಲ್ಲಿ ಎಂದು ನನ್ನ ಅನಿಸಿಕೆ.

ಬೇಕೆಂದೇ ಸೋಲುವುದಕ್ಕೆ ಅಲ್ಲಿ ‘ಟ್ಯಾಂಕಿಂಗ್’ ಎನ್ನುತ್ತಾರೆ. ಬಾಕ್ಸಿಂಗ್‌ನವರ ಆಡುಮಾತಿನಿಂದ ಬಂದ ಪದ, ಹೊಡೆತ ಬೀಳದೆಯೇ ಕೊಳಕ್ಕೆ ಹಾರಿದವನಂತೆ ಬೀಳುವವನ ಬಗ್ಗೆ. ಈ ಆಟದಲ್ಲಿ ಇದರ ಮೂಲಕಥೆ ಪಿಟ್ಸ್‌ಬರ್ಗ್‌ನದು. 1983-84ರಲ್ಲಿ ಪೆಂಗ್ವಿನ್ಸ್ ತಂಡ ದಿವಾಳಿಯ ಅಂಚಿನಲ್ಲಿತ್ತು, ಆಸನಗಳು ಖಾಲಿ. ಆಚೆ ಕ್ವಿಬೆಕ್‌ನ ಲಾವಾಲ್‌ನಲ್ಲಿ ಮಾರಿಯೋ ಲೆಮ್ಯೂ ಎಂಬ ಹುಡುಗ ಕಿರಿಯರ ಲೀಗಿನ 70 ಪಂದ್ಯಗಳಲ್ಲಿ 133 ಗೋಲು ಹೊಡೆದಿದ್ದ. ಕೊನೆಯ ಸ್ಥಾನಕ್ಕೆ ಪೆಂಗ್ವಿನ್ಸ್ ಜೊತೆ ಪೈಪೋಟಿಗಿದ್ದದ್ದು ನ್ಯೂಜೆರ್ಸಿ ಡೆವಿಲ್ಸ್. ಪಿಟ್ಸ್‌ಬರ್ಗ್‌ನವರು ತಮ್ಮ ಮುಖ್ಯ ರಕ್ಷಣಾ ಆಟಗಾರ ರ‍್ಯಾಂಡಿ ಕಾರ್ಲೈಲ್‌ನನ್ನು ಋತುವಿನ ನಡುವೆ ಬೇರೆ ತಂಡಕ್ಕೆ ಕೊಟ್ಟರು. ಗೋಲ್‌ಕೀಪರ್ ರಾಬರ್ಟೊ ರೊಮಾನೊನನ್ನು ಕೆಳಗಿನ ಲೀಗಿಗೆ ಕಳಿಸಿ, ಅಲ್ಲಿಂದ ವಿನ್ಸೆಂಟ್ ಟ್ರೆಂಬ್ಲೆಯನ್ನು ಕರೆತಂದರು. ಅವನು ನಾಲ್ಕು ಪಂದ್ಯಗಳಲ್ಲಿ 24 ಗೋಲು ಬಿಟ್ಟ. ಋತು ಮುಗಿದಾಗ ಪಿಟ್ಸ್‌ಬರ್ಗ್ 38 ಅಂಕ, ನ್ಯೂಜೆರ್ಸಿ 41. ಕೊನೆಗೆ ಬರುವ ನಿರ್ಧಾರ ಪ್ರಜ್ಞಾಪೂರ್ವಕವಾಗಿಯೇ ಆದದ್ದು ಎಂದು ಆಗಿನ ಕೋಚ್ ಲೂ ಆಂಗೊಟ್ಟಿ ಬಹಳ ವರ್ಷಗಳ ನಂತರ ಒಪ್ಪಿಕೊಂಡರು.

ಆಮೇಲಿನದು ಎಲ್ಲರೂ ಹೇಳುವ ಭಾಗ. ಲೆಮ್ಯೂ ಆಯ್ಕೆಯಾದ ದಿನ ಮಾಂಟ್ರಿಯಲ್‌ನಲ್ಲಿ ಒಪ್ಪಂದದ ಜಗಳದಿಂದಾಗಿ ತಂಡದ ಅಂಗಿ ತೊಡಲೂ ಎದ್ದು ಬರಲಿಲ್ಲ. ಆದರೆ ಅಕ್ಟೋಬರ್‌ನಲ್ಲಿ ಬಾಸ್ಟನ್ ವಿರುದ್ಧ ಲೀಗಿನಲ್ಲಿ ತಾನು ಹೊಡೆದ ಮೊಟ್ಟಮೊದಲ ಹೊಡೆತವನ್ನೇ ಗೋಲಾಗಿಸಿದ. 1991, 1992ರಲ್ಲಿ ಸ್ಟ್ಯಾನ್ಲಿ ಕಪ್ ಬಂತು. ತಂಡ ಮತ್ತೆ ದಿವಾಳಿಯಾದಾಗ, 1999ರಲ್ಲಿ ಅದನ್ನು ಕೊಂಡು ಉಳಿಸಿದವನೂ ಅವನೇ. ಟ್ಯಾಂಕಿಂಗ್ ಪರ ವಾದಿಸುವವರಿಗೆ ಇದಕ್ಕಿಂತ ಒಳ್ಳೆಯ ಪುರಾಣ ಬೇಕಿಲ್ಲ. ನಾನೂ ಪ್ರಾಮಾಣಿಕವಾಗಿ ಹೇಳುತ್ತೇನೆ, ಆ ಊರಿನವನಾಗಿದ್ದರೆ 1984ರ ಸೋಲನ್ನು ನಾನು ಬೈಯುತ್ತಿರಲಿಲ್ಲ.

ವಿರೋಧಿಸುವವರ ಪುರಾಣ ಒಟ್ಟಾವದ್ದು. 1992-93ರಲ್ಲಿ ಒಟ್ಟಾವ ಸೆನೆಟರ್ಸ್ ಮತ್ತು ಸ್ಯಾನ್ ಹೋಸೆ ಶಾರ್ಕ್ಸ್ ಇಬ್ಬರೂ 24 ಅಂಕ. ಒಂದು ಗೆಲುವು ಕಡಿಮೆ ಇದ್ದದ್ದರಿಂದ ಒಟ್ಟಾವಕ್ಕೆ ಕೊನೆಯ ಸ್ಥಾನ, ಅದರೊಂದಿಗೆ ಅಲೆಕ್ಸಾಂಡರ್ ಡೇಗ್. ತಂಡದ ಮಾಲೀಕ ಪತ್ರಕರ್ತರ ಮುಂದೆ ಆಡಿದ ಸಡಿಲ ಮಾತಿಗೆ ಲೀಗ್ ವಿಚಾರಣೆ ನಡೆಸಿ ಒಂದು ಲಕ್ಷ ಡಾಲರ್ ದಂಡ ಹಾಕಿತು. ಎರಡನೆಯವನನ್ನು ಯಾರೂ ನೆನಪಿಡುವುದಿಲ್ಲ ಎಂಬ ಅರ್ಥದ ಮಾತನ್ನು ಡೇಗ್ ಆಯ್ಕೆಯ ದಿನ ಆಡಿದ್ದ. ಆ ಎರಡನೆಯವನು ಕ್ರಿಸ್ ಪ್ರಾಂಗರ್, ಮುಂದೆ ಲೀಗಿನ ಅತ್ಯುತ್ತಮ ಆಟಗಾರ ಪ್ರಶಸ್ತಿ ಪಡೆದು ಹಾಲ್ ಆಫ್ ಫೇಮ್ ಸೇರಿದ. ಡೇಗ್ ಏನಾದ ಎಂದು ಕೇಳಬೇಡಿ. 1995ರಿಂದ ಸರದಿಯ ಮೊದಲ ಸ್ಥಾನಕ್ಕೆ ಲಾಟರಿ ಬಂತು, ಕೊನೆಗೆ ಬಂದವರಿಗೇ ಮೊದಲ ಹುಡುಗ ಎಂಬ ಖಾತ್ರಿ ಹೋಯಿತು. ಈಗಿನ ನಿಯಮದಲ್ಲಿ ಕೊನೆಯ ತಂಡಕ್ಕೆ ಮೊದಲ ಆಯ್ಕೆ ಸಿಗುವ ಸಂಭವ 25.5 ಶೇಕಡಾ ಮಾತ್ರ. ಹದಿನಾಲ್ಕು ಚೆಂಡು ಹಾಕಿದ ಯಂತ್ರದಿಂದ ನಾಲ್ಕು ಚೆಂಡು ಹೊರಬೀಳುತ್ತವೆ, ಹಣೆಬರಹ ಅಷ್ಟೇ.

ಇನ್ನು ಬಫಲೋ. ಅಲ್ಲಿಯೂ ಮೊದಲು ಸ್ಥಳಾಂತರವಾದವರು ಗೋಲ್‌ಕೀಪರ್‌ಗಳೇ, ಮೂವತ್ತು ವರ್ಷ ಕಳೆದರೂ ಉಪಾಯ ಬದಲಾಗಿಲ್ಲ. ಚೆನ್ನಾಗಿ ಆಡುತ್ತಿದ್ದ ಯೋನಸ್ ಎನ್ರೋತ್‌ನನ್ನು ಫೆಬ್ರವರಿಯಲ್ಲಿ, ಮಿಖಾಲ್ ನ್ಯೂವಿರ್ತ್‌ನನ್ನು ಮಾರ್ಚ್‌ನಲ್ಲಿ ಬೇರೆ ತಂಡಗಳಿಗೆ ಕೊಟ್ಟರು. ತಮಾಷೆಯೆಂದರೆ, ಡಲ್ಲಾಸ್‌ನಲ್ಲಿ ತತ್ತರಿಸಿ ಇಲ್ಲಿಗೆ ಬಂದ ಆಂಡರ್ಸ್ ಲಿಂಡ್‌ಬ್ಯಾಕ್ ಬಫಲೋದಲ್ಲಿ ಸೊಗಸಾಗಿ ಆಡಿಬಿಟ್ಟ. ಯೋಜನೆ ಮಾಡಿದವರು ಅವನಿಗೆ ಹೇಳುವುದನ್ನು ಮರೆತಿರಬೇಕು! ಆದರೂ ತಂಡ ಕೊನೆಗೇ ಬಂತು. ಏಪ್ರಿಲ್‌ನ ಲಾಟರಿಯಲ್ಲಿ ಚೆಂಡು ಒಲಿದದ್ದು 11.5 ಶೇಕಡಾ ಸಂಭವವಿದ್ದ ಎಡ್ಮಂಟನ್‌ಗೆ. ಮೆಕ್‌ಡೇವಿಡ್ ಅತ್ತ ಹೋದ, ಐಕಲ್ ಇತ್ತ ಬಂದ. ಸೋಲಲೆಂದೇ ಕಟ್ಟಿದ ತಂಡವನ್ನು ಕೈಗೆ ಕೊಡಿಸಿಕೊಂಡಿದ್ದ ಕೋಚ್ ಟೆಡ್ ನೋಲನ್ ಅವರನ್ನು ಋತು ಮುಗಿದ ಕೂಡಲೇ ತೆಗೆದುಹಾಕಿದರು.

ಆಮೇಲೆ? ಕುತ್ತಿಗೆಯ ಶಸ್ತ್ರಚಿಕಿತ್ಸೆ ಯಾವ ಬಗೆಯದಾಗಬೇಕು ಎಂಬ ಜಗಳದಲ್ಲಿ ಐಕಲ್ 2021ರಲ್ಲಿ ವೇಗಸ್ ತಂಡಕ್ಕೆ ಹೋದ, 2023ರಲ್ಲಿ ಅಲ್ಲಿ ಕಪ್ ಗೆದ್ದ. ಅದರ ಹಿಂದಿನ ವರ್ಷ, 2014ರಲ್ಲಿ, ಇದೇ ಸೇಬರ್ಸ್ ಕೊನೆಗೆ ಬಂದು ಎರಡನೆಯವನಾಗಿ ಆರಿಸಿದ್ದ ಸ್ಯಾಮ್ ರೈನ್‌ಹಾರ್ಟ್ ಫ್ಲೋರಿಡಾಗೆ ಹೋದ. 2024ರ ಫೈನಲ್‌ನ ಏಳನೆಯ ಪಂದ್ಯದಲ್ಲಿ ಕಪ್ ತಂದ ಗೋಲು ಅವನದು, ಎದುರಿಗಿದ್ದದ್ದು ಮೆಕ್‌ಡೇವಿಡ್‌ನ ಎಡ್ಮಂಟನ್. ಬಫಲೋ ಮೇವು ಹಾಕಿತು, ಹಾಲು ಕರೆದವರು ಬೇರೆಯವರು. 2011ರ ನಂತರ 2025ರವರೆಗೆ ಸತತ ಹದಿನಾಲ್ಕು ಋತು ಆ ತಂಡ ಪ್ಲೇಆಫ್ ಕಾಣಲಿಲ್ಲ, ಅದು ಲೀಗಿನ ದಾಖಲೆ. ಕೋರ್ಟು ಕಚೇರಿ ಅಲೆದವರ ಬಗ್ಗೆ ನಮ್ಮಲ್ಲಿ ಗಾದೆಯಿದೆ, ಗೆದ್ದವನು ಸೋತ, ಸೋತವನು ಸತ್ತ ಎಂದು.

ಫಲ ಸಿಗಲಿಲ್ಲ ಎಂಬ ಕಾರಣಕ್ಕೆ ಇದನ್ನು ತಪ್ಪು ಎನ್ನುವುದು ಸೋಮಾರಿ ವಿಮರ್ಶೆ. ಚೆಂಡು ಬೇರೆ ಥರ ಬಿದ್ದಿದ್ದರೆ ನಾನು ಬೇರೆ ಲೇಖನ ಬರೆಯುತ್ತಿದ್ದೆನೇನೋ. ನನಗೆ ಕಾಡುವುದು ಇದನ್ನು ಸಮರ್ಥಿಸುವಾಗ ಬಳಕೆಯಾಗುವ ಭಾಷೆ: ತಾಳ್ಮೆ, ತ್ಯಾಗ, ‘ರೀಬಿಲ್ಡ್’. ತ್ಯಾಗ ನಮಗೆ ಗೊತ್ತಿಲ್ಲದ್ದೇನಲ್ಲ. ಪಂಪನ ಆದಿಪುರಾಣದ ಬಾಹುಬಲಿ ಮೂರೂ ಯುದ್ಧ ಗೆದ್ದ ಮೇಲೆ ರಾಜ್ಯ ಬಿಟ್ಟು ನಡೆದ. ಬಿಟ್ಟದ್ದು ಅವನದೇ ಗೆಲುವು, ಬಿಟ್ಟವನೂ ಅವನೇ. ಬಫಲೋದಲ್ಲಿ ಬಿಟ್ಟುಕೊಟ್ಟವರು ಮೇಲಿನ ಕೋಣೆಯಲ್ಲಿ ಕೂತವರು. ಮಂಜಿನ ಮೇಲೆ ಮೈ ಒಡ್ಡಿ ಸೋತವರು ಬೇರೆ. ವಿಪರ್ಯಾಸ ನೋಡಿ, ಆ ಸೋತವರು ಯಾರಿಗಾಗಿ ಸೋಲುತ್ತಿದ್ದರೋ ಆ ಹುಡುಗ ಬಂದೊಡನೆ ಅವರಲ್ಲಿ ಕೆಲವರ ಕೆಲಸ ಹೋಗುತ್ತದೆ.

ಆಟಗಾರರೇ ಬೇಕೆಂದು ಸೋತಾಗ ಮಾತ್ರ ಜಗತ್ತು ಎಷ್ಟು ಬೇಗ ಕೆರಳುತ್ತದೆ! 2012ರ ಲಂಡನ್ ಒಲಿಂಪಿಕ್ಸ್‌ನ ಮಹಿಳೆಯರ ಬ್ಯಾಡ್ಮಿಂಟನ್ ಡಬಲ್ಸ್‌ನಲ್ಲಿ ಸುಲಭದ ಎದುರಾಳಿ ಸಿಗಲೆಂದು ಸರ್ವ್‌ಗಳನ್ನು ನೆಟ್ಟಿಗೆ ಹೊಡೆದ ನಾಲ್ಕು ಜೋಡಿಗಳನ್ನು ಮರುದಿನವೇ ಹೊರಹಾಕಿದರು. ಅದೇ ಸ್ಪರ್ಧೆಯಲ್ಲಿ ನಮ್ಮ ಅಶ್ವಿನಿ ಪೊನ್ನಪ್ಪ ಮತ್ತು ಜ್ವಾಲಾ ಗುಟ್ಟಾ ಒಂದೇ ಅಂಕದ ಅಂತರದಲ್ಲಿ ಕ್ವಾರ್ಟರ್ ಫೈನಲ್ ತಪ್ಪಿಸಿಕೊಂಡರು. ತಮ್ಮ ಗುಂಪಿನ ಜಪಾನ್–ಚೈನೀಸ್ ತೈಪೆ ಪಂದ್ಯದ ಬಗ್ಗೆ ಭಾರತ ಕೊಟ್ಟ ದೂರು ತಳ್ಳಿಹೋಯಿತು. ಆ ಪಂದ್ಯದಲ್ಲಿ ಏನಾಯಿತು ಎಂದು ತೀರ್ಪು ಕೊಡುವುದು ನನ್ನ ಕೆಲಸವಲ್ಲ. ಆದರೆ ಅಂಗಳದ ಮೇಲೆ ನಾಲ್ಕು ಜೋಡಿ ಮಾಡಿದ್ದು ಅಪರಾಧ, ಕಚೇರಿಯಲ್ಲಿ ಕೂತು ಇಡೀ ಋತುವನ್ನೇ ಹಾಗೆ ಜೋಡಿಸಿದ್ದು ದೂರದೃಷ್ಟಿ ಎಂದಾಗ ನನಗೆ ಒಪ್ಪಿಗೆಯಾಗುವುದಿಲ್ಲ.

ಪರಿಹಾರ ಇಲ್ಲವೆಂದಲ್ಲ. 2024ರಲ್ಲಿ ಶುರುವಾದ ಉತ್ತರ ಅಮೆರಿಕದ ಮಹಿಳೆಯರ ವೃತ್ತಿಪರ ಹಾಕಿ ಲೀಗ್, ಆಡಮ್ ಗೋಲ್ಡ್ ಎಂಬವರು ವಿದ್ಯಾರ್ಥಿಯಾಗಿದ್ದಾಗ ಸೂಚಿಸಿದ್ದ ಒಂದು ನಿಯಮವನ್ನು ಮೊದಲ ಋತುವಿನಿಂದಲೇ ಅಳವಡಿಸಿಕೊಂಡಿತು. ಪ್ಲೇಆಫ್ ಆಸೆ ಕೈತಪ್ಪಿದ ಕ್ಷಣದಿಂದ ತಂಡ ಗಳಿಸುವ ಅಂಕಗಳನ್ನು ಎಣಿಸುತ್ತಾರೆ, ಹೆಚ್ಚು ಗಳಿಸಿದವರಿಗೆ ಮೊದಲ ಆಯ್ಕೆ. ನಿಜಕ್ಕೂ ದುರ್ಬಲವಾದ ತಂಡ ಬೇಗ ಹೊರಬೀಳುವುದರಿಂದ ಗಳಿಸಲು ಅದಕ್ಕೆ ಹೆಚ್ಚು ಪಂದ್ಯ ಸಿಗುತ್ತವೆ. ಬಡವನಿಗೆ ಮೊದಲ ಪಂಕ್ತಿಯೂ ಉಳಿಯಿತು, ಉಣ್ಣಲು ಸೋಲಬೇಕಿಲ್ಲ ಎಂದೂ ಆಯಿತು. ಪುರುಷರ ಲೀಗ್ ಇಷ್ಟು ಸರಳವಾದದ್ದನ್ನು ಬಿಟ್ಟು ಚೆಂಡಿನ ಯಂತ್ರಕ್ಕೆ ಅಂಟಿಕೊಂಡಿರುವುದು ಏಕೆ ಎಂದರೆ, ಲಾಟರಿ ಟಿವಿಯಲ್ಲಿ ಚೆನ್ನಾಗಿ ಕಾಣುತ್ತದೆ ಎಂಬುದು ನನ್ನ ಗುಮಾನಿ.

ಹಾಕಿ ಎಂದರೆ ಕೊಡಗು ಎಂದೇ ತಿಳಿದು ಬೆಳೆದವರು ನಾವು. 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಹಬ್ಬದಲ್ಲಿ ಡ್ರಾಫ್ಟ್ ಇಲ್ಲ. ಹುಟ್ಟಿದ ಮನೆತನವೇ ತಂಡ. ಈ ವರ್ಷ ಬೇಗ ಸೋತರೆ ಮುಂದಿನ ವರ್ಷ ಪಕ್ಕದ ಮನೆತನದ ಒಳ್ಳೆಯ ಆಟಗಾರ ನಿಮ್ಮವನಾಗುವುದಿಲ್ಲ. ಹಾಗೆಂದು ಅದನ್ನು ಅಮೆರಿಕಕ್ಕೆ ಉಪದೇಶಿಸಲು ಬರುವುದಿಲ್ಲ, ಕೋಟಿಗಟ್ಟಲೆ ಡಾಲರಿನ ವ್ಯವಹಾರ ಮನೆತನದ ಮೇಲೆ ನಡೆಯುವಂಥದ್ದಲ್ಲ.

ನಾನು ಮತ್ತೆ ಮತ್ತೆ ಯೋಚಿಸುವುದು ವಿನ್ಸೆಂಟ್ ಟ್ರೆಂಬ್ಲೆಯ ಬಗ್ಗೆ. ಕೆಳಗಿನ ಲೀಗಿನಲ್ಲಿ ಆಡುವ ಯಾವ ಗೋಲ್‌ಕೀಪರ್ ಆದರೂ ಕಾಯುವುದು ಮೇಲಿನಿಂದ ಬರುವ ಒಂದು ಕರೆಗಾಗಿ. ಕರೆ ಬಂತು. ಚೀಲ ಕಟ್ಟಿಕೊಂಡು ಹೋದ. ಲೆಮ್ಯೂನ ಮೊದಲ ಗೋಲಿನ ಬಗ್ಗೆ ಪುಟಗಟ್ಟಲೆ ಬರೆದವರು ಇವನಿಗೆ ಕೊಡುವುದು ಒಂದು ವಾಕ್ಯ, ಅದೂ ಆವರಣದೊಳಗೆ: ನಾಲ್ಕು ಪಂದ್ಯ, 24 ಗೋಲು. ತಡೆದ ಹೊಡೆತಗಳ ಲೆಕ್ಕವನ್ನು ಅಲ್ಲಿ ಯಾರೂ ಕೊಡುವುದಿಲ್ಲ.