ಶೌಕ್ ಮತ್ತು ಶೋಕಿಯ ನಡುವೆ

ಮಾರ್ಚ್ ಮುಗಿಯುತ್ತಿದ್ದಂತೆ ಬೆಂಗಳೂರಿನ ನಮ್ಮ ಕಡೆಯ ಸರ್ಕಲ್ಲಿನಲ್ಲಿ ಪ್ರತಿ ವರ್ಷ ಎರಡು ಬಗೆಯ ಬ್ಯಾನರುಗಳು ಕಾಣಿಸಿಕೊಳ್ಳುತ್ತವೆ. ಒಂದು, ರಸ್ತೆಯ ಆಚೆ ಬದಿಯ ಬಡಾವಣೆಯವರಿಗೆ. ಅದರಲ್ಲಿ ಜೇಡಿಮಣ್ಣಿನ ಕೆಲಸ, ನಾಟಕ, ನಕ್ಷತ್ರ ವೀಕ್ಷಣೆ, ಹಕ್ಕಿಗಳ ಪರಿಚಯ, ಕಥೆ ಹೇಳುವುದು ಎಂದೆಲ್ಲ ಇರುತ್ತದೆ. ಕೆಳಗೆ ಸಣ್ಣ ಅಕ್ಷರದಲ್ಲಿ ಸಾವಿರದ ಲೆಕ್ಕದ ಶುಲ್ಕ. ಇನ್ನೊಂದು, ಈಚೆ ಬದಿಯ ನಮ್ಮ ಮೊಹಲ್ಲಾದವರಿಗೆ. ಅದರಲ್ಲಿ ದಪ್ಪ ಅಕ್ಷರದಲ್ಲಿ ‘ಉಚಿತ’ ಎಂದಿರುತ್ತದೆ. ಉಚಿತ ಸ್ಪೋಕನ್ ಇಂಗ್ಲಿಷ್, ಉಚಿತ ಎಸ್‌ಎಸ್‌ಎಲ್‌ಸಿ ಕೋಚಿಂಗ್, ಉಚಿತ ಕಂಪ್ಯೂಟರ್ ತರಬೇತಿ, ಹೆಣ್ಣುಮಕ್ಕಳಿಗೆ ಉಚಿತ ಹೊಲಿಗೆ.

ಎರಡೂ ಬ್ಯಾನರುಗಳು ಶಾಲೆಯ ಪಾಠದ ಆಚೆಗೆ ಮಗುವಿಗೆ ಏನಾದರೂ ಕೊಡಬೇಕೆನ್ನುವವರೇ ಹಾಕಿಸಿದ್ದು. ಅವರ ಸದುದ್ದೇಶದ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಎರಡನ್ನೂ ಒಟ್ಟಿಗೆ ಓದಿದಾಗ ಒಂದು ಪ್ರಶ್ನೆ ಏಳುತ್ತದೆ. ಹಣವಿರುವ ಮಗುವಿಗೆ ನಕ್ಷತ್ರ, ಹಣವಿಲ್ಲದ ಮಗುವಿಗೆ ಹೊಲಿಗೆ ಯಂತ್ರ ಎಂದು ಹಂಚಿದವರು ಯಾರು?

ಉರ್ದುವಿನಲ್ಲಿ ‘ಶೌಕ್’ ಎಂಬ ಮಾತಿದೆ. ಒಂದು ವಿಷಯದ ಕಡೆಗೆ ಮನಸ್ಸು ತಾನಾಗಿ ಎಳೆಯುವುದು, ಲಾಭನಷ್ಟ ನೋಡದೆ ಅದರಲ್ಲಿ ಮುಳುಗುವುದು ಶೌಕ್. ಓದುವ ಶೌಕ್, ಪಾರಿವಾಳದ ಶೌಕ್, ಹಾಡಿನ ಶೌಕ್. ಈ ಮಾತು ಕನ್ನಡಕ್ಕೆ ಬರುವಾಗ ‘ಶೋಕಿ’ಯಾಯಿತು. ಶೋಕಿ ಎಂದರೆ ನಮಗೆಲ್ಲ ಗೊತ್ತಿರುವಂತೆ ದುಂದು, ಡೌಲು, ಯೋಗ್ಯತೆಗೆ ಮೀರಿದ ಆಸೆ. ಒಂದೇ ಪದ ಗಡಿ ದಾಟುವಾಗ ಇಷ್ಟು ಬದಲಾಗಿದ್ದು ಭಾಷಾಶಾಸ್ತ್ರಜ್ಞರಿಗೆ ಬಿಟ್ಟ ವಿಷಯ. ನನಗೆ ಕಾಣುವುದು ಬೇರೆ. ನಮ್ಮ ಸಮಾಜದಲ್ಲಿ ಉಳ್ಳವರ ಮಗುವಿಗೆ ಇರುವುದು ಶೌಕ್. ಅದನ್ನೇ ಪಂಕ್ಚರ್ ಅಂಗಡಿಯವನ ಮಗ ಬಯಸಿದರೆ ಶೋಕಿ.

ಕೋಚಿಂಗ್ ಬೇಡ ಎಂದು ನಾನು ಹೇಳುತ್ತಿಲ್ಲ. ಏಳನೆಯವರೆಗೆ ಉರ್ದು ಮಾಧ್ಯಮದಲ್ಲಿ ಓದಿ ಎಂಟನೆಗೆ ಕನ್ನಡ ಮಾಧ್ಯಮಕ್ಕೆ ಬಂದು ಬಿದ್ದವನು ನಾನು. ಸಂಜೆ ತನ್ನ ಮನೆಯ ಜಗಲಿಯಲ್ಲಿ ಕೂರಿಸಿಕೊಂಡು ದುಡ್ಡು ತೆಗೆದುಕೊಳ್ಳದೆ ಸಮಾಜ ಪಾಠ ಹೇಳಿದ ಮೇಷ್ಟ್ರು ಇರದಿದ್ದರೆ ಈ ಲೇಖನ ಬರೆಯುವ ಕನ್ನಡ ನನಗೆ ಬರುತ್ತಿರಲಿಲ್ಲ. ಪರೀಕ್ಷೆ ಪಾಸಾಗುವುದು ಬಡ ಮಗುವಿಗೆ ಎಷ್ಟು ದೊಡ್ಡ ವಿಷಯ ಎಂಬುದು ಪಾಸಾಗಲಾರದೆ ಉಳಿದವರ ನಡುವೆ ಬೆಳೆದವರಿಗೆ ಗೊತ್ತು. ನನ್ನ ತಕರಾರು, ‘ಉಚಿತ’ ಎಂಬ ಹೆಸರಿನಲ್ಲಿ ನಾವು ಕೊಡುವುದು ಕೊರತೆ ತುಂಬುವ ಔಷಧ ಮಾತ್ರ ಎಂಬುದರ ಬಗ್ಗೆ. ರೋಗಿಗೆ ಔಷಧ ಬೇಕು. ಆದರೆ ಅವನಿಗೆ ಊಟವೂ ಬೇಕಲ್ಲ?

ಈ ನಗರ ಮೊದಲಿನಿಂದ ಹೀಗೆ ಯೋಚಿಸುತ್ತಿರಲಿಲ್ಲ. ಚಾಮರಾಜಪೇಟೆಯ ಮಕ್ಕಳ ಕೂಟವನ್ನು ನೋಡಿ. ಬಾಲ್ಯದಲ್ಲೇ ವಿಧವೆಯಾಗಿದ್ದ ಆರ್. ಕಲ್ಯಾಣಮ್ಮನವರು ಸ್ವಾತಂತ್ರ್ಯಕ್ಕೂ ಮೊದಲೇ ಅದನ್ನು ಕಟ್ಟಿದರು. ಆಟ, ಹಾಡು, ನಾಟಕ ಮಕ್ಕಳ ಹಕ್ಕು ಎಂದು ಆ ಕಾಲದಲ್ಲಿ ತಿಳಿದಿದ್ದವರು ಅವರು. ದಿಲ್ಲಿಯಲ್ಲಿ ನೆಹರೂ ಅವರ ಆಸಕ್ತಿಯಿಂದ ರಾಷ್ಟ್ರೀಯ ಬಾಲಭವನ ಹುಟ್ಟಿದ್ದು 1956ರಲ್ಲಿ. ಅದೇ ಆಶಯದ ಜವಾಹರ ಬಾಲಭವನ ಕಬ್ಬನ್ ಪಾರ್ಕಿನೊಳಗೆ ಬಂತು. ನಮ್ಮ ಉರ್ದು ಶಾಲೆಯಿಂದ ನಮ್ಮನ್ನು ವರ್ಷಕ್ಕೊಮ್ಮೆ ಅಲ್ಲಿಗೆ ಕರೆದೊಯ್ಯುತ್ತಿದ್ದರು. ಪುಟಾಣಿ ರೈಲಿನಲ್ಲಿ ನನ್ನ ಪಕ್ಕ ಕೂತಿದ್ದ ಅಪರಿಚಿತ ಹುಡುಗ ಯಾವ ಶಾಲೆಯವನು, ಅವನ ಅಪ್ಪ ಏನು ಮಾಡುತ್ತಾನೆ ಎಂದು ಆ ರೈಲು ಕೇಳುತ್ತಿರಲಿಲ್ಲ.

ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯ 1960ರ ದಶಕದ್ದು. ಡಾ. ಎಚ್. ನರಸಿಂಹಯ್ಯನವರು ನ್ಯಾಷನಲ್ ಕಾಲೇಜಿನಲ್ಲಿ ಬೆಂಗಳೂರು ಸೈನ್ಸ್ ಫೋರಂ ಶುರು ಮಾಡಿದ್ದು 1962ರಲ್ಲಿ. ವಾರಕ್ಕೊಂದು ಉಪನ್ಯಾಸ, ಯಾರು ಬೇಕಾದರೂ ಬಂದು ಕೂರಬಹುದು. ಗೌರಿಬಿದನೂರಿನ ಕಡೆಯ ಹಳ್ಳಿಯಿಂದ ಓದುವುದಕ್ಕಾಗಿ ಬೆಂಗಳೂರಿಗೆ ನಡೆದುಕೊಂಡೇ ಬಂದಿದ್ದ ಆ ಮನುಷ್ಯನಿಗೆ, ಬಾಗಿಲು ತೆರೆದಿಡುವುದೆಂದರೆ ಏನೆಂದು ತಿಳಿದಿತ್ತು. 1989ರಲ್ಲಿ ಮಹಾನಗರ ಪಾಲಿಕೆಯೇ ಜವಾಹರಲಾಲ್ ನೆಹರೂ ತಾರಾಲಯವನ್ನು ಕಟ್ಟಿಸಿತು. ಚರಂಡಿ ಮತ್ತು ಕಸ ನೋಡಿಕೊಳ್ಳುವ ಪಾಲಿಕೆ ತನ್ನ ಜನರಿಗೆ ಆಕಾಶವನ್ನೂ ತೋರಿಸಬೇಕು ಎಂದುಕೊಂಡಿತಲ್ಲ, ಆ ಯೋಚನೆ ಈಗ ನೆನೆದರೂ ಸಂತೋಷವಾಗುತ್ತದೆ. ಅಲ್ಲಿ ಶಾಲಾ ಮಕ್ಕಳಿಗಾಗಿ ವಾರಾಂತ್ಯದ ವಿಜ್ಞಾನ ತರಗತಿಗಳೂ ನಡೆಯುತ್ತ ಬಂದಿವೆ.

ಇವೆಲ್ಲವುಗಳ ಹಿಂದೆ ಇದ್ದದ್ದು ಒಂದೇ ತತ್ವ. ಬಂದ ಮಗು ಬಡವನೋ ಶ್ರೀಮಂತನೋ ಎಂದು ವಿಂಗಡಿಸದೆ, ಒಳ್ಳೆಯದನ್ನು ಎಲ್ಲರ ಮುಂದೆ ಇಡುವುದು. ಇವು ಇಂದಿಗೂ ಇವೆ. ಉಚಿತ ಅಥವಾ ಅಗ್ಗ. ಹಾಗಾದರೆ ನಮ್ಮ ಮೊಹಲ್ಲಾದ ಮಕ್ಕಳು ಅಲ್ಲಿ ಏಕೆ ಕಾಣುವುದಿಲ್ಲ?

ಇದನ್ನು ತಿಳಿಯಲೆಂದೇ 2023ರ ದಸರಾ ರಜೆಯಲ್ಲಿ ನಮ್ಮ ಗಲ್ಲಿಯ ಒಂಬತ್ತು ಮಕ್ಕಳನ್ನು ಕಸ್ತೂರಬಾ ರಸ್ತೆಯ ಮ್ಯೂಸಿಯಂಗೆ ಕರೆದುಕೊಂಡು ಹೋದೆ. ಆರು ಹುಡುಗರು, ಮೂವರು ಹುಡುಗಿಯರು. ಹೊರಡುವ ಮೊದಲೇ ಪಾಠ ಆರಂಭವಾಯಿತು. ಒಬ್ಬ ಹುಡುಗ ಬೆಳಿಗ್ಗೆ ಮದರಸಾ ಮುಗಿಸಿ ಬರಬೇಕು. ಇನ್ನೊಬ್ಬ ಮಾಮನ ಗ್ಯಾರೇಜಿಗೆ ಹೋಗುವವನು, ಅರ್ಧ ದಿನದ ರಜೆಗೆ ನಾನೇ ಹೋಗಿ ಕೇಳಬೇಕಾಯಿತು. ಹುಡುಗಿಯರಲ್ಲಿ ಒಬ್ಬಳ ಅಮ್ಮ ಬಾಗಿಲ ಪರದೆ ಸರಿಸಿ, “ಇದರಿಂದ ಏನು ಫಾಯ್ದಾ ಭಾಯ್?” ಎಂದು ಕೇಳಿದರು. ಸಿಟ್ಟಿನಿಂದ ಕೇಳಿದ್ದಲ್ಲ. ಮನೆಯಲ್ಲಿ ಕುಳಿತು ಅಗರಬತ್ತಿ ಹೊಸೆಯುವ ಆಕೆಗೆ ಮಗಳ ಅರ್ಧ ದಿನವೂ ಲೆಕ್ಕಕ್ಕೆ ಸಿಗುವ ವಸ್ತು. ನನಗೆ ಉತ್ತರ ಹೊಳೆಯಲಿಲ್ಲ. “ಸುಮ್ಮನೆ ನೋಡಿಕೊಂಡು ಬರಲಿ ಆಪಾ” ಎಂದೆ. ಕೊನೆಗೆ ಅವರೂ ನಮ್ಮ ಜೊತೆಗೆ ಹೊರಟರು.

ಬಸ್ಸಿನಲ್ಲಿ ಒಂದು ತಮಾಷೆ ನಡೆಯಿತು. ಆ ವರ್ಷ ಜೂನ್‌ನಲ್ಲಿ ಬಂದಿದ್ದ ಶಕ್ತಿ ಯೋಜನೆಯಿಂದಾಗಿ ಹುಡುಗಿಯರಿಗೂ ಅಮ್ಮನಿಗೂ ಟಿಕೆಟ್ ಇಲ್ಲ, ಆಧಾರ್ ತೋರಿಸಿದರೆ ಸಾಕು. ಹುಡುಗರಿಗೆ ನಾನು ದುಡ್ಡು ಕೊಡಬೇಕಾಯಿತು. “ನೋಡಿ, ನಾವು ವಿಐಪಿ” ಎಂದು ಹುಡುಗಿಯರು ಅವರನ್ನು ರೇಗಿಸುತ್ತಲೇ ಇದ್ದರು. ಮನೆಯಿಂದ ಹೊರಗೆ ಹೋಗುವ ವಿಷಯದಲ್ಲಿ ಯಾವಾಗಲೂ ಹಿಂದೆ ಇರುವವರು ಅವತ್ತು ಮುಂದೆ ಇದ್ದರು. ಉಚಿತ ಬಸ್ಸನ್ನು ಗೇಲಿ ಮಾಡುವವರು ಆ ನಗುವನ್ನು ಒಮ್ಮೆ ಕೇಳಬೇಕಿತ್ತು. ಆದರೂ ಮಾರ್ಕೆಟ್ಟಿನಲ್ಲಿ ಬಸ್ಸು ಬದಲಿಸಿ, ಶಾಲೆಯ ಪತ್ರವಿಲ್ಲದ ಕಾರಣ ಪೂರ್ತಿ ಟಿಕೆಟ್ ತೆಗೆದುಕೊಂಡು, ಹನ್ನೊಂದು ಜನಕ್ಕೆ ತಿಂಡಿ ಕೊಡಿಸಿ ಮರಳುವಾಗ ನನ್ನ ಜೇಬು ಹಗುರಾಗಿತ್ತು. ಅಗ್ಗದ ಕಾರ್ಯಕ್ರಮ ಅಗ್ಗವಾಗಿರುವುದು ಗೇಟಿನ ಒಳಗೆ ಮಾತ್ರ. ಗೇಟಿನವರೆಗೆ ಕರೆತರುವ ಖರ್ಚು, ಸಮಯ, ಜೊತೆಗೊಬ್ಬ ದೊಡ್ಡವರು, ಇವನ್ನು ಯಾವ ಬ್ಯಾನರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಒಳಗೆ ನಡೆದದ್ದನ್ನು ಹೇಳಲೇಬೇಕು. ಎಂಜಿನ್ ಹಾಲಿನಲ್ಲಿ ಮಕ್ಕಳು ಯಂತ್ರಗಳನ್ನು ಬೆರಗಿನಿಂದ ನೋಡುತ್ತಿದ್ದರು. ಫಲಕದ ಮೇಲಿನ ಕನ್ನಡ ಓದಲು ಉರ್ದು ಶಾಲೆಯ ಇಬ್ಬರು ತಡವರಿಸುತ್ತಿದ್ದರು. ನಾನು ದಖ್ನಿಯಲ್ಲಿ ವಿವರಿಸಲು ಹೊರಟೆ. ಅಷ್ಟರಲ್ಲಿ ಗ್ಯಾರೇಜಿನ ಹುಡುಗ ಮುಂದೆ ಬಂದ. ಅವನಾಗ ಒಂಬತ್ತನೇ ತರಗತಿ, ಗಣಿತದಲ್ಲಿ ಮೂರು ಸಲ ಫೇಲಾದವನು. ಪಿಸ್ಟನ್ ಹೇಗೆ ಮೇಲೆ ಕೆಳಗೆ ಹೋಗುತ್ತದೆ, ಆ ಓಟ ಹೇಗೆ ತಿರುಗುವಿಕೆಯಾಗುತ್ತದೆ ಎಂದು ಕೈಯಲ್ಲೇ ಮಾಡಿ ತೋರಿಸಿದ. ಅರ್ಧ ದಖ್ನಿ, ಅರ್ಧ ಕನ್ನಡ. ಬೇರೆ ಶಾಲೆಯ ಸಮವಸ್ತ್ರ ತೊಟ್ಟ ನಾಲ್ಕಾರು ಮಕ್ಕಳು ನಮ್ಮ ಗುಂಪಿನ ಪಕ್ಕಕ್ಕೆ ಬಂದು ಕೇಳತೊಡಗಿದರು. ಅವರ ಮೇಡಂ ಕೂಡ. ಹತ್ತು ನಿಮಿಷ ಅವನು ಮೇಷ್ಟ್ರಾಗಿದ್ದ. ಅವನ ಉಗುರಿನಲ್ಲಿದ್ದ ಗ್ರೀಸ್ ಅವತ್ತು ಅವನಿಗೆ ನಾಚಿಕೆಯ ವಸ್ತುವಾಗಿರಲಿಲ್ಲ.

ಕೋಚಿಂಗ್ ತರಗತಿ ಈ ಹುಡುಗನಿಗೆ ಹೇಳುವುದು ನಿನಗೆ ಏನು ಬರುವುದಿಲ್ಲ ಎಂಬುದನ್ನು. ಆ ಹಾಲು ಹೇಳಿದ್ದು ನಿನಗೆ ಏನು ಬರುತ್ತದೆ ಎಂಬುದನ್ನು. ಎರಡರ ನಡುವಿನ ಅಂತರವೇ ನಾನು ಇಲ್ಲಿ ಹೇಳಹೊರಟಿರುವ ಮಾತು.

ಆದರೆ ಬಾಗಿಲು ತೆರೆದ ಕಡೆಯೆಲ್ಲ ಈ ಗೌರವ ಸಿಗುತ್ತದೆಂದಲ್ಲ. ಒಂದು ಹೆಸರಾಂತ ಬೇಸಿಗೆ ಶಿಬಿರದವರು ನಮ್ಮ ಕಡೆಯ ಐದು ಮಕ್ಕಳನ್ನು ಉಚಿತವಾಗಿ ಸೇರಿಸಿಕೊಂಡಿದ್ದರು. ಶುಲ್ಕ ಕೊಟ್ಟ ಮಕ್ಕಳಿಗೆ ಬಣ್ಣದ ಟೀ ಶರ್ಟು, ಇವರಿಗೆ ಇಲ್ಲ. ಕೊನೆಯ ದಿನ ಪ್ರಾಯೋಜಕರ ಜೊತೆ ಫೋಟೋಕ್ಕೆ ಮಾತ್ರ ಈ ಐವರನ್ನು ಮುಂದಿನ ಸಾಲಿನಲ್ಲಿ ನಿಲ್ಲಿಸಿದರು. ಅದರಲ್ಲಿ ಒಬ್ಬ ಹುಡುಗಿ ಮರುವರ್ಷ ಕರೆದರೆ ಬರಲಿಲ್ಲ. “ಅಲ್ಲಿ ನಮ್ಮನ್ನು ಫ್ರೀಯವರು ಅಂತಾರೆ ಚಾಚಾ” ಎಂದಳು. ಉಚಿತ ಎಂಬುದು ಟಿಕೆಟ್ಟಿನ ಗುಣವಾಗಿರಬೇಕು. ಅದು ಮಗುವಿನ ಗುರುತಾಗಬಾರದು.

ಸರಕಾರದ ಕಾರ್ಯಕ್ರಮಗಳ ಕಡೆಗೂ ನೋಡೋಣ. ಪ್ರತಿಭಾ ಕಾರಂಜಿ ನನಗೆ ಪ್ರಿಯವಾದದ್ದು. ಕವ್ವಾಲಿ, ಗಜಲ್‌ಗಳಿಗೂ, ಸಂಸ್ಕೃತದ ಜೊತೆ ಅರೇಬಿಕ್ ಪಠಣಕ್ಕೂ ಜಾಗ ಕೊಟ್ಟ ಸರಕಾರಿ ವೇದಿಕೆ ಅದು. ಕನ್ನಡ ಶಾಲೆಯ ಮಕ್ಕಳು ತಲೆಗೆ ಕರವಸ್ತ್ರ ಕಟ್ಟಿ ಚಪ್ಪಾಳೆ ತಟ್ಟುತ್ತ ಕವ್ವಾಲಿ ಹಾಡುವುದನ್ನು ನೋಡಿದಾಗ ಈ ನಾಡಿನ ಬಗ್ಗೆ ಭರವಸೆ ಹುಟ್ಟುತ್ತದೆ. ಆದರೆ ಅದು ಸ್ಪರ್ಧೆ. ಚೆನ್ನಾಗಿ ಹಾಡುವ ಒಬ್ಬಳು ಕ್ಲಸ್ಟರಿನಿಂದ ತಾಲೂಕಿಗೆ, ಅಲ್ಲಿಂದ ಜಿಲ್ಲೆಗೆ ಹೋಗುತ್ತಾಳೆ. ಸಾಧಾರಣವಾಗಿ ಹಾಡುವ ನಲವತ್ತು ಮಕ್ಕಳು ಮೈದಾನದಲ್ಲಿ ಕೂತು ಚಪ್ಪಾಳೆ ತಟ್ಟುತ್ತಾರೆ. ಹಾಡುವ ಸುಖ ಸಾಧಾರಣ ದನಿಯವರಿಗೆ ಬೇಡವೆ? 2020ರ ರಾಷ್ಟ್ರೀಯ ಶಿಕ್ಷಣ ನೀತಿ ಆರರಿಂದ ಎಂಟನೇ ತರಗತಿಯ ನಡುವೆ ಹತ್ತು ದಿನಗಳ ಬ್ಯಾಗ್ ಇಲ್ಲದ ಅವಧಿಯನ್ನು ಹೇಳುತ್ತದೆ. ಒಳ್ಳೆಯದೇ. ಆದರೆ ಆ ಹತ್ತು ದಿನದ ಮುಖ್ಯ ಕಲ್ಪನೆ ಬಡಗಿ, ತೋಟಗಾರ, ಕುಂಬಾರರ ಬಳಿ ಕಸುಬಿನ ಪರಿಚಯ. ಗ್ಯಾರೇಜಿನ ಹುಡುಗನಿಗೆ ವರ್ಷವೆಲ್ಲ ಅದೇ ಪರಿಚಯ. ಅವನಿಗೆ ಆ ಹತ್ತು ದಿನ ಕಬ್ಬನ್ ಪಾರ್ಕು ಬೇಕು.

ನಮ್ಮ ಸಮುದಾಯದ ಬಗ್ಗೆ ಮಾತಾಡದೆ ಮುಗಿಸಿದರೆ ಅದು ಅಪ್ರಾಮಾಣಿಕತೆಯಾದೀತು. ಕಳೆದ ಮೂರು ದಶಕಗಳಲ್ಲಿ ಶಿಕ್ಷಣದ ಬಗ್ಗೆ ನಮ್ಮಲ್ಲಿ ದೊಡ್ಡ ಎಚ್ಚರ ಮೂಡಿದೆ. ಶೇಕಡಾ ತೊಂಬತ್ತು ಪಡೆದ ಮಕ್ಕಳಿಗೆ ಶಾದಿಮಹಲಿನಲ್ಲಿ ಶಾಲು ಹೊದಿಸುತ್ತೇವೆ, ಅವರ ಫೋಟೋ ಬ್ಯಾನರಿನಲ್ಲಿ ಹಾಕುತ್ತೇವೆ. ಸಂತೋಷ. ಆದರೆ ನಮ್ಮ ಹಿರಿಯರು ತಾಲೀಮ್ ಎಂಬ ಮಾತನ್ನು ಒಂಟಿಯಾಗಿ ಆಡುತ್ತಿರಲಿಲ್ಲ, ಜೊತೆಗೆ ತರ್ಬಿಯತ್ ಎನ್ನುತ್ತಿದ್ದರು. ಒಂದು ಓದು, ಇನ್ನೊಂದು ಮನಸ್ಸಿನ ಪೋಷಣೆ. ನಾವು ತಾಲೀಮನ್ನು ಅಂಕಪಟ್ಟಿಗೆ ಇಳಿಸಿದೆವು, ತರ್ಬಿಯತ್ತನ್ನು ‘ಇದು ಮಾಡಬೇಡ, ಅದು ಮಾಡಬೇಡ’ಗಳ ಪಟ್ಟಿಗೆ ಇಳಿಸಿದೆವು. ಚಿತ್ರ ಬರೆಯುವ ಹುಡುಗನಿಗೆ, ನಾಟಕದಲ್ಲಿ ಪಾತ್ರ ಮಾಡಬಯಸುವ ಹುಡುಗಿಗೆ ಎರಡೂ ಪಟ್ಟಿಗಳಲ್ಲಿ ಸ್ಥಳ ಸಿಗಲಿಲ್ಲ. ನಮ್ಮ ಶಾದಿಮಹಲುಗಳು ಮದುವೆ ಇಲ್ಲದ ದಿನ ಬೀಗ ಹಾಕಿರುತ್ತವೆ. ಒಂದು ಭಾನುವಾರ ಅಲ್ಲಿ ಮಕ್ಕಳಿಗೆ ಕಥೆ ಓದಿ ಹೇಳಲು ಎಷ್ಟು ಖರ್ಚಾದೀತು?

ಮಾಡಬಹುದಾದ್ದು ದುಬಾರಿಯಲ್ಲ. 1999ರಲ್ಲಿ ಆರಂಭವಾದ ಅಗಸ್ತ್ಯ ಪ್ರತಿಷ್ಠಾನದವರು ಪ್ರಯೋಗದ ಉಪಕರಣಗಳನ್ನು ವ್ಯಾನಿನಲ್ಲಿ ತುಂಬಿಕೊಂಡು ಸರಕಾರಿ ಶಾಲೆಗಳ ಬಾಗಿಲಿಗೇ ಹೋಗುವ ದಾರಿ ತೋರಿಸಿದ್ದಾರೆ. ಮಗು ಬರಲಾರದಿದ್ದರೆ ವಿಜ್ಞಾನವೇ ಹೋಗಲಿ ಎಂಬುದು ಅದರ ಹಿಂದಿನ ವಿವೇಕ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್‌ನಲ್ಲಿ ಕನ್ನಡ, ಉರ್ದು ಎರಡರಲ್ಲೂ ಮಕ್ಕಳ ಕಥೆಗಳು ಉಚಿತವಾಗಿವೆ. ಒಂದೇ ಕಥೆಯನ್ನು ಎರಡು ಭಾಷೆಯಲ್ಲಿ ಓದಿಸಿದರೆ ಮ್ಯೂಸಿಯಮ್ಮಿನ ಫಲಕದ ಮುಂದೆ ತಡವರಿಸುವ ಮಗುವಿಗೆ ಅದೇ ಸೇತುವೆ. ಇನ್ನು ಗ್ರಂಥಾಲಯ. 1965ರ ಕಾಯಿದೆಯ ಪ್ರಕಾರ ನಾವು ಕಟ್ಟುವ ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರವನ್ನೂ ಕಟ್ಟುತ್ತೇವೆ. ಬಾಡಿಗೆ ಮನೆಯವರು ಅದನ್ನು ಬಾಡಿಗೆಯಲ್ಲೇ ತೆರುತ್ತಾರೆ. ಅಂದಮೇಲೆ ಬಡಾವಣೆಯ ಶಾಖಾ ಗ್ರಂಥಾಲಯ ಯಾರ ದಾನವೂ ಅಲ್ಲ. ಅಲ್ಲಿ ಮಕ್ಕಳಿಗೊಂದು ಚಾಪೆ, ಒಂದು ಕಪಾಟು ಬೇಕೆಂದು ಕೇಳುವುದು ನಮ್ಮ ಹಕ್ಕು. ಅಲ್ಲಿಗೆ ಮಗುವಿನ ಕೈಹಿಡಿದು ಹೋಗುವುದು ನಮ್ಮ ಕೆಲಸ.

ಗ್ಯಾರೇಜಿನ ಹುಡುಗನಿಗೆ ಮುಂದೇನಾಯಿತು ಎಂದು ಓದುಗರು ಕೇಳಬಹುದು. ಅವನು ಎಂಜಿನಿಯರ್ ಆದ ಎಂದು ಬರೆಯುವ ಆಸೆ ಕಥೆಗಾರನಾದ ನನಗೂ ಇದೆ. ಆಗಲಿಲ್ಲ. 2025ರಲ್ಲಿ ಎಸ್‌ಎಸ್‌ಎಲ್‌ಸಿಯನ್ನು ಎರಡನೇ ಯತ್ನದಲ್ಲಿ ಪಾಸು ಮಾಡಿ ಮಾಮನ ಗ್ಯಾರೇಜಿನಲ್ಲೇ ನಿಂತ. ಈಚೆಗೆ ನನ್ನ ಸ್ಕೂಟರ್ ರಿಪೇರಿಗೆ ಹೋದಾಗ, ಹೊಸದಾಗಿ ಕೆಲಸಕ್ಕೆ ಸೇರಿದ ಚಿಕ್ಕ ಹುಡುಗನಿಗೆ ಅವನು ಎಂಜಿನ್ ಬಿಚ್ಚಿ ತೋರಿಸುತ್ತಿದ್ದ. “ಕಸ್ತೂರಬಾ ರೋಡಲ್ಲಿ ಇದರ ಅಪ್ಪನಂಥದ್ದು ಇದೆ, ಈ ಜುಮ್ಮಾ ನಮಾಜ್ ಆದಮೇಲೆ ಕರಕೊಂಡು ಹೋಗ್ತೀನಿ” ಎನ್ನುತ್ತಿದ್ದ.

ಏನು ಫಾಯ್ದಾ ಎಂದು ಕೇಳಿದ ಆ ತಾಯಿಗೆ ಅವತ್ತು ನನ್ನ ಬಳಿ ಉತ್ತರವಿರಲಿಲ್ಲ. ಈಗಲೂ ಪೂರ್ತಿ ಇಲ್ಲ. ಆದರೆ ಮ್ಯೂಸಿಯಮ್ಮಿನಿಂದ ಮರಳುವಾಗ ಆಕೆ ಕೇಳಿದ್ದು ನೆನಪಿದೆ: “ಮುಂದಿನ ಸಲ ಯಾವಾಗ ಭಾಯ್?”